ಉಸಿರೇ ತಾಳ: ಆಸ್ಪತ್ರೆಯಲ್ಲಿ ಹಾರ್ಪ್ ನುಡಿಸುವ ನನ್ನ ಅನುಭವ

ಹಾರ್ಪ್ ಅಂದರೆ ದೊಡ್ಡ ಚೌಕಟ್ಟಿಗೆ ಕಟ್ಟಿದ ತಂತಿಗಳನ್ನು ಬೆರಳಿನಿಂದ ಮೀಟುವ ಪಾಶ್ಚಾತ್ಯ ವಾದ್ಯ. ಆಸ್ಪತ್ರೆಯ ಕೋಣೆಯಲ್ಲಿ ಅದನ್ನು ನುಡಿಸುವಾಗ ನನ್ನ ಕಣ್ಣು ಮಲಗಿರುವವರ ಎದೆಯ ಮೇಲಿರುತ್ತದೆ. ಅದು ಏರಿ ಇಳಿಯುವುದೇ ನನಗೆ ತಾಳ. ಅವರು ಉಸಿರು ಬಿಡುವಾಗ ಒಂದು ಸಾಲು ನುಡಿಸುತ್ತೇನೆ, ಎಳೆದುಕೊಳ್ಳುವಾಗ ಸುಮ್ಮನಿರುತ್ತೇನೆ. ಉಸಿರು ಜೋರಾಗಿದ್ದರೆ ಮೊದಲು ಅದೇ ವೇಗ ಹಿಡಿದು, ಆಮೇಲೆ ಸ್ವಲ್ಪಸ್ವಲ್ಪವೇ ನಿಧಾನ ಮಾಡುತ್ತೇನೆ. ಎಷ್ಟೋ ಸಲ ಉಸಿರು ಸಂಗೀತದ ಜೊತೆಗೇ ನಿಧಾನವಾಗುತ್ತದೆ. ಆಗದಿದ್ದರೆ ಬಲವಂತವಿಲ್ಲ, ಅವರ ಉಸಿರು ಹೇಗಿದೆಯೋ ಹಾಗೇ ಸಾಗುತ್ತೇನೆ.

ನಾನು ಮೈಸೂರಿನಲ್ಲಿ ವೀಣೆ ಕಲಿತವಳು. ಮದುವೆಯಾಗಿ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದೆ. ಇಲ್ಲಿನ ಒಂದು ಗ್ರಂಥಾಲಯದಲ್ಲಿ ಮೊದಲ ಬಾರಿ ಹಾರ್ಪ್ ಹತ್ತಿರದಿಂದ ಕೇಳಿದೆ. ಕಛೇರಿಗಳಲ್ಲಿ ಕಾಣುವ ಪೆಡಲ್ ಹಾರ್ಪ್‌ಗೆ 47 ತಂತಿ, 7 ಪೆಡಲ್ ಇರುತ್ತವೆ. ಅದನ್ನು ವಾರ್ಡಿನಿಂದ ವಾರ್ಡಿಗೆ ಸಾಗಿಸುವುದು ಆಗದ ಮಾತು. ನಾನು ಕಲಿತದ್ದು ಹೆಗಲಿಗೆ ಹಾಕಿಕೊಂಡು ಹೋಗಬಹುದಾದ 26 ತಂತಿಯ ಚಿಕ್ಕ ಲಿವರ್ ಹಾರ್ಪ್. ಇದರಲ್ಲಿ ಪೆಡಲ್ ಬದಲು ತಂತಿಯ ತುದಿಯ ಚಿಕ್ಕ ಸನ್ನೆಗಳಿಂದ ಸ್ವರ ಬದಲಿಸುತ್ತೇವೆ.

ವೀಣೆಯ ಕೈಗೆ ಹಾರ್ಪ್ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗೇನಿಲ್ಲ. ವೀಣೆಯಲ್ಲಿ ತಾಳದ ತಂತಿ ಮೀಟುವುದು ಕಿರುಬೆರಳು. ಹಾರ್ಪ್‌ನಲ್ಲಿ ಕಿರುಬೆರಳಿಗೆ ಕೆಲಸವೇ ಇಲ್ಲ, ಹೆಬ್ಬೆರಳಿಗೆ ತುಂಬಾ ಕೆಲಸ. ಅದಕ್ಕಿಂತ ಕಷ್ಟವಾಗಿದ್ದು ಗಮಕ ಬಿಡುವುದು. ತಂತಿ ಎಳೆದು ಸ್ವರವನ್ನು ಆಡಿಸುವ ಸುಖ ಇಲ್ಲಿಲ್ಲ. ಮೀಟಿದ ಸ್ವರ ಮೀಟಿದಲ್ಲೇ ನಿಲ್ಲುತ್ತದೆ. ಹಾಗಾಗಿ ಗಮಕ ಬೇಡುವ ತೋಡಿ, ಭೈರವಿಯಂಥ ರಾಗಗಳನ್ನು ವೀಣೆಗೇ ಬಿಟ್ಟೆ. ನನಗೆ ಒದಗಿ ಬಂದದ್ದು ಮೋಹನ ರಾಗ. ಹಾರ್ಪ್‌ನಲ್ಲಿ ಕಣ್ಣಿಗೆ ಗುರುತು ಸಿಗಲೆಂದು ಪಾಶ್ಚಾತ್ಯರು ಸಿ ಅನ್ನುವ ಸ್ವರದ ತಂತಿಗೆ ಕೆಂಪು, ಎಫ್ ಅನ್ನುವ ಸ್ವರದ ತಂತಿಗೆ ಕಪ್ಪು ಬಣ್ಣ ಇರುತ್ತದೆ. ಕೆಂಪನ್ನು ಷಡ್ಜ ಅಂತ ಇಟ್ಟುಕೊಂಡರೆ ಕಪ್ಪು ಮಧ್ಯಮ. ಆ ಕಪ್ಪು ತಂತಿ ಮತ್ತು ಕೆಂಪಿನ ಕೆಳಗಿನ ನಿಷಾದ, ಇವೆರಡನ್ನು ಮುಟ್ಟದಿದ್ದರೆ ಸಾಕು, ಉಳಿದ ಐದು ಸ್ವರ ಮೋಹನ. ಮೇಲಿನ ತಂತಿಗಳಲ್ಲಿ ರಾಗ ನಡೆಯುತ್ತಿರುವಾಗ ಕೆಳಗಿನ ಸ್ವರಗಳು ಇನ್ನೂ ಮೊಳಗುತ್ತಿರುತ್ತವೆ. ಈ ಐದು ಸ್ವರಗಳು ಒಂದರ ಮೇಲೊಂದು ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ. ನೋವಿನಲ್ಲಿರುವವರ ಪಕ್ಕ ಇದು ದೊಡ್ಡ ವಿಷಯ.

ಈ ಕೆಲಸ ನಾನು ಹುಟ್ಟುಹಾಕಿದ್ದಲ್ಲ. ಹಾರ್ಪ್ ವಾದಕಿ ಥೆರೀಸ್ ಶ್ರೋಡರ್-ಶೇಕರ್ ಅವರು 1992ರಲ್ಲಿ ಮೊಂಟಾನಾದ ಮಿಸೌಲಾ ಊರಿನ ಆಸ್ಪತ್ರೆಯೊಂದಕ್ಕೆ ತಮ್ಮ ಚಾಲಿಸ್ ಆಫ್ ರಿಪೋಸ್ ಯೋಜನೆಯನ್ನು ತಂದರು. ಸಾವಿನ ಹತ್ತಿರ ಇರುವವರ ಪಕ್ಕ ಕೂತು ಹಾರ್ಪ್ ನುಡಿಸಿ ಹಾಡುವುದನ್ನು ಅಲ್ಲಿ ಕ್ರಮವಾಗಿ ಕಲಿಸಲಾಯಿತು. 1994ರಲ್ಲಿ ರೋಗಿಗಳ ಪಕ್ಕ ಕೂತು ನುಡಿಸುವವರಿಗೆ ತರಬೇತಿ ಕೊಡುವ ಮ್ಯೂಸಿಕ್ ಫಾರ್ ಹೀಲಿಂಗ್ ಅಂಡ್ ಟ್ರಾನ್ಸಿಶನ್ ಪ್ರೋಗ್ರಾಂ ಶುರುವಾಯಿತು. ನಾನು ತರಬೇತಿ ಪಡೆದದ್ದೂ ಇಂಥದೇ ಶಿಕ್ಷಣದಲ್ಲಿ. ಮ್ಯೂಸಿಕ್ ಥೆರಪಿಸ್ಟ್‌ಗಳ ಕೆಲಸ ಬೇರೆ. ಅವರು ಪದವಿ ಓದಿ, ಚಿಕಿತ್ಸೆಯ ಗುರಿ ಇಟ್ಟುಕೊಂಡು ರೋಗಿಯ ಜೊತೆ ಸೇರಿ ಕೆಲಸ ಮಾಡುತ್ತಾರೆ. ನಮ್ಮದು ಆ ಹೊತ್ತಿಗೆ ಬೇಕಾದ ಸಂಗೀತ ಕೊಡುವುದು, ಅಷ್ಟೇ. ಹಾರ್ಪ್ ಕೇಳಿ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಗಿಹಿಡಿದ ಹುಬ್ಬು ಸಡಿಲವಾಗುತ್ತದೆ, ಮುಷ್ಟಿ ಬಿಚ್ಚುತ್ತದೆ, ಕೆಲವರಿಗೆ ನಿದ್ದೆ ಬರುತ್ತದೆ. ನನಗೆ ಇದು ಕಡಿಮೆ ಅನ್ನಿಸಿಲ್ಲ.

ಒಳಗೆ ಹೋಗುವ ಮೊದಲು ನರ್ಸ್ ಹತ್ತಿರ ಮಾತಾಡುತ್ತೇನೆ. ಕೈ ತೊಳೆದು, ಹಾರ್ಪ್‌ನ ಮರವನ್ನು ಒರೆಸಿ, ರೋಗಿಯ ಅಪ್ಪಣೆ ಕೇಳುತ್ತೇನೆ. ಬೇಡ ಅಂದರೆ ಸಂತೋಷದಿಂದಲೇ ಹೊರಡುತ್ತೇನೆ. ಆಸ್ಪತ್ರೆಯಲ್ಲಿ ಅವರಿಗೆ ಬೇಡ ಅನ್ನುವ ಅವಕಾಶ ಸಿಗುವುದೇ ಅಪರೂಪ. ಐಸಿಯುನಲ್ಲಿ ಮೊದಲು ಮಾನಿಟರ್‌ನ ಬೀಪ್ ಯಾವ ಸ್ವರದಲ್ಲಿದೆ ಅಂತ ಕಿವಿಗೊಡುತ್ತೇನೆ. ಅದನ್ನು ನಿಲ್ಲಿಸಲು ಆಗುವುದಿಲ್ಲವಲ್ಲ. ಅದಕ್ಕೆ ಹೊಂದುವ ಶ್ರುತಿ ಹಿಡಿದರೆ ಬೀಪ್ ಕೂಡ ಸಂಗೀತದೊಳಗೆ ಸೇರಿಕೊಳ್ಳುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಇನ್ನೂ ಮೆಲ್ಲಗೆ ನುಡಿಸಬೇಕು. ಅಲ್ಲಿ ಸದ್ದು 45 ಡೆಸಿಬಲ್ ಮೀರಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ ಇದೆ. ಅಲ್ಲಿ ಒಂದೊಂದೇ ತಂತಿ, ಬೆರಳ ತುದಿಯಲ್ಲಿ.

ಕೊನೆಯ ಗಂಟೆಗಳಲ್ಲಿ ಇರುವವರಿಗೆ ಪರಿಚಿತ ಹಾಡು ನುಡಿಸುವುದಿಲ್ಲ. ಪರಿಚಿತ ಹಾಡು ನೆನಪುಗಳನ್ನು ಎಳೆದು ತರುತ್ತದೆ, ಹೊರಡುವವರನ್ನು ಹಿಡಿದು ನಿಲ್ಲಿಸುತ್ತದೆ ಅನ್ನುವುದು ನಮ್ಮಲ್ಲಿನ ತಿಳಿವಳಿಕೆ. ಅದಕ್ಕೇ ತಾಳವಿಲ್ಲದ, ಆಲಾಪನೆಯಂಥ ಸಾಲುಗಳು, ನಡುವೆ ಉದ್ದನೆಯ ಮೌನ. ಊರಿನಲ್ಲಿ ಆಲಾಪನೆ ಕಲಿತ ನನಗೆ ಇದರಲ್ಲಿ ಒಂದು ಸವಲತ್ತು ಇತ್ತು. ಇಲ್ಲಿನ ಸಹಪಾಠಿಗಳಿಗೆ ತಾಳ ಬಿಟ್ಟು ನುಡಿಸುವುದು ಹೊಸದಾಗಿತ್ತು, ನನಗೆ ಅದು ತವರು.

ಮರೆವಿನ ಕಾಯಿಲೆ ಇರುವವರ ಆರೈಕೆ ಮನೆಗಳಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಅಲ್ಲಿ ಅವರ ಹರೆಯದ ಹಾಡುಗಳೇ ಬೇಕು. ಒಬ್ಬರು ಕನ್ನಡದ ಅಜ್ಜಿ ಇದ್ದರು. ಇಂಗ್ಲಿಷ್ ಪೂರ್ತಿ ಮರೆತಿದ್ದರು. ಸಿಬ್ಬಂದಿ ಅವರನ್ನು ಮಾತಾಡದವರು ಅಂದುಕೊಂಡಿದ್ದರು. ನಾನು ಒಂದು ದೇವರನಾಮ ಶುರು ಮಾಡಿದೆ. ಪಲ್ಲವಿ ಮುಗಿಯುವ ಮೊದಲೇ ಅವರ ತುಟಿ ಆಡಿತು. ಆಮೇಲೆ ಹಾಡು ನಿಲ್ಲಿಸಿ, "ಯಾವೂರೇ ನಿಂದು?" ಅಂದರು. "ಮೈಸೂರು ಕಣಜ್ಜಿ" ಅಂದೆ. "ಶ್ರುತಿ ಸ್ವಲ್ಪ ಇಳಿಸೇ, ಮೇಲೆ ಹೋಗಕ್ಕಾಗಲ್ಲ ನಂಗೆ" ಅಂದರು. ಇಳಿಸಿದೆ. ಅವರ ಮಗಳು ಬಾಗಿಲ ಬಳಿ ನಿಂತು ಅಳುತ್ತಿದ್ದರು. ಆ ದಿನದಿಂದ ನಮ್ಮ ಕನ್ನಡ ಸಂಘದ ಕೆಲವರು ಸರದಿ ಹಾಕಿಕೊಂಡು ಅಂಥ ಮನೆಗಳಿಗೆ ಹೋಗಿ ಹಾಡುತ್ತೇವೆ. ವಾದ್ಯ ಬಾರದವರು ಬರೀ ಮಾತಾಡಿಸಿ ಬರುತ್ತಾರೆ.

ಊರಿನಲ್ಲಿ ಇದನ್ನು ಮಾಡಬೇಕು ಅಂತ ಕೇಳುವವರಿಗೆ ಹಾರ್ಪ್ ಕೊಳ್ಳಿ ಅಂತ ಹೇಳುವುದಿಲ್ಲ. ವೀಣೆ, ಕೊಳಲು, ಶ್ರುತಿಪೆಟ್ಟಿಗೆಯ ಜೊತೆ ಮೆಲ್ಲನೆಯ ದನಿ, ಯಾವುದಾದರೂ ಆದೀತು. ಬೆಂಗಳೂರಿನ ಕರುಣಾಶ್ರಯದಂಥ ಕೊನೆಗಾಲದ ಆರೈಕೆಯ ಜಾಗಕ್ಕೆ ಹೋಗುವ ಆಸೆ ಇದ್ದರೆ ವಾದ್ಯ ಹೊತ್ತು ಸೀದಾ ಹೋಗಿಬಿಡಬೇಡಿ. ಮೊದಲು ಬರಿಗೈಲಿ ಹೋಗಿ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಔಷಧಿ ಯಾವಾಗ, ಡ್ರೆಸ್ಸಿಂಗ್ ಯಾವಾಗ, ಮನೆಯವರು ಯಾವಾಗ ಬರುತ್ತಾರೆ, ಯಾರಿಗೆ ಸದ್ದು ಆಗಿಬರುವುದಿಲ್ಲ, ಎಲ್ಲ ಅವರಿಗೆ ಗೊತ್ತಿರುತ್ತದೆ. ಅವರು ಹೇಳಿದ ಹೊತ್ತಿಗೆ, ಅವರು ತೋರಿಸಿದ ಹಾಸಿಗೆಯಿಂದ ಶುರು ಮಾಡಿ.