ಕೋಬಾಲ್ಟ್ ನಡುವಿನ ನಯೋಬಿಯಂ: ನಾನು ಮೋಸಹೋದ ಒಂದು ಪೀಕ್

ನಯೋಬಿಯಂ ಲೋಹದ ದಪ್ಪ ತುಂಡು 9.2 ಕೆಲ್ವಿನ್‌ನಲ್ಲಿ ಅತಿವಾಹಕ ಆಗುತ್ತದೆ, ಅಂದರೆ ವಿದ್ಯುತ್ತಿಗೆ ಅದರಲ್ಲಿ ತಡೆಯೇ ಇರುವುದಿಲ್ಲ. ಅದನ್ನೇ 20-30 ನ್ಯಾನೋಮೀಟರ್‌ನ ಪದರ ಮಾಡಿ ಎರಡೂ ಬದಿಗೆ ಕೋಬಾಲ್ಟ್ ಕೂರಿಸಿದರೆ ಈ ತಾಪಮಾನ, ಅಂದರೆ ಟಿಸಿ, ಚೆನ್ನಾಗಿಯೇ ಇಳಿಯುತ್ತದೆ. ಅತಿವಾಹಕದಲ್ಲಿ ವಿದ್ಯುತ್ ಒಯ್ಯುವ ಕೂಪರ್ ಜೋಡಿಯ ಎರಡು ಇಲೆಕ್ಟ್ರಾನ್‌ಗಳ ಸ್ಪಿನ್ (ಅವುಗಳ ಪುಟ್ಟ ಕಾಂತೀಯ ದಿಕ್ಕು) ಎದುರುಬದುರು. ಕೋಬಾಲ್ಟ್‌ಗೋ ಎಲ್ಲವೂ ಒಂದೇ ದಿಕ್ಕಿಗೆ ತಿರುಗಬೇಕೆಂಬ ಹಟ. ಅದರೊಳಗೆ ಕೆಲವೇ ನ್ಯಾನೋಮೀಟರ್ ಹೋಗುವಷ್ಟರಲ್ಲಿ ಜೋಡಿ ಮುರಿದಿರುತ್ತದೆ.

ನಾನು ಹುಡುಕುತ್ತಿದ್ದದ್ದು ಸ್ಪಿನ್ ವಾಲ್ವ್. ಎರಡು ಕಾಂತೀಯ ಪದರಗಳು ಎದುರು ದಿಕ್ಕಿಗೆ ನಿಂತರೆ ನಯೋಬಿಯಂ ಮೇಲಿನ ಒತ್ತಡ ಅಷ್ಟಿಷ್ಟು ರದ್ದಾಗಿ ಟಿಸಿ ಏರಬೇಕು. 1999ರಲ್ಲಿ ಸಿದ್ಧಾಂತ ಬಂತು, 2002ರ ಪ್ರಯೋಗದಲ್ಲಿ ಕಂಡ ವ್ಯತ್ಯಾಸ ಸುಮಾರು 6 ಮಿಲಿಕೆಲ್ವಿನ್. ಇಷ್ಟು ಸಣ್ಣದನ್ನು ಹಿಡಿಯಲು ತಾಪಮಾನವನ್ನು ಸಾಮಾನ್ಯ ಲೋಹ ಅತಿವಾಹಕವಾಗುವ ಪರಿವರ್ತನೆಯ ನಟ್ಟನಡುವೆ ನಿಲ್ಲಿಸಿ, ಕಾಂತಕ್ಷೇತ್ರವನ್ನು ಪದರದ ಸಮತಲದಲ್ಲಿ ಅತ್ತಿಂದಿತ್ತ ಓಡಿಸಿ, ನಾಲ್ಕು ತಂತಿಗಳಲ್ಲಿ ರೋಧ ಅಳೆಯುತ್ತೇವೆ. ಹೀಟರ್ ಒಂದು ಮಿಲಿಕೆಲ್ವಿನ್ ಅಲುಗಾಡಿದರೂ ರೋಧ ಎಗರುತ್ತದೆ.

ಮೊದಲ ದಿನವೇ ರೋಧದ ಗ್ರಾಫ್‌ನಲ್ಲಿ ಪೀಕ್ ಬಂತು. ಎಡದಿಂದ ಬಂದರೆ ಬಲಕ್ಕೊಂದು, ಬಲದಿಂದ ಬಂದರೆ ಎಡಕ್ಕೊಂದು, ಸರಿಯಾಗಿ ಕೋಬಾಲ್ಟ್ ತಿರುಗುವ ಕ್ಷೇತ್ರದಲ್ಲೇ. ಕುಣಿದಾಡಿದೆ. ಆಮೇಲೆ ಗ್ರಾಫ್ ಮತ್ತೆ ನೋಡಿದರೆ ದಿಕ್ಕೇ ಉಲ್ಟಾ: ಟಿಸಿ ಏರಿದ್ದರೆ ಅಲ್ಲಿ ರೋಧ ಇಳಿಯಬೇಕಿತ್ತು, ನನ್ನದು ಏರಿತ್ತು. ಇದಕ್ಕೂ ಒಂದು ಚಂದದ ವಿವರಣೆ ಹೊಸೆಯಲು ಶುರುಮಾಡಿದ್ದೆ ಅನ್ನುವುದು ಈಗ ನೆನೆದರೆ ನಗು ಬರುತ್ತದೆ.

ಪರೀಕ್ಷೆ ಎರಡು ಮಾಡಿದೆ. ಒಂದೇ ಕೋಬಾಲ್ಟ್ ಪದರ ಇಟ್ಟು ಮಾದರಿ ಮಾಡಿದೆ. ಎದುರುಬದುರಾಗಲು ಇನ್ನೊಂದು ಪದರವೇ ಇಲ್ಲ, ಆದರೂ ಪೀಕ್ ಹಾಗೇ ಇತ್ತು. ಇನ್ನೊಂದರಲ್ಲಿ ಕೋಬಾಲ್ಟ್‌ಗೂ ನಯೋಬಿಯಂಗೂ ನಡುವೆ ಅಲ್ಯುಮಿನಿಯಂ ಆಕ್ಸೈಡ್‌ನ ತೆಳು ಗೋಡೆ ಎಬ್ಬಿಸಿದೆ. ಇಲೆಕ್ಟ್ರಾನ್‌ಗಳ ಓಡಾಟ ನಿಂತಿತು, ಟಿಸಿ ಮೇಲಕ್ಕೆ ಮರಳಿತು, ಪೀಕ್ ಮಾತ್ರ ಹೋಗಲಿಲ್ಲ. ಗೋಡೆ ದಾಟಬಲ್ಲದ್ದು ಕಾಂತಕ್ಷೇತ್ರ ಒಂದೇ. ಕೋಬಾಲ್ಟ್ ತಿರುಗುವ ಹೊತ್ತಿಗೆ ಅದು ಬೇರೆ ಬೇರೆ ದಿಕ್ಕಿನ ನೂರಾರು ಕಾಂತೀಯ ತುಣುಕುಗಳಾಗಿ, ಅಂದರೆ ಡೊಮೇನ್‌ಗಳಾಗಿ, ಒಡೆಯುತ್ತದೆ. ಅವುಗಳ ಅಂಚಿನಿಂದ ಹೊರಚೆಲ್ಲಿದ ಕ್ಷೇತ್ರ ನಯೋಬಿಯಂಗೆ ಲಂಬವಾಗಿ ಚುಚ್ಚಿ ಸುಳಿಗಳನ್ನು (ಕಾಂತಕ್ಷೇತ್ರ ತೂರಿಹೋಗುವ, ಸುತ್ತ ವಿದ್ಯುತ್ ಸುತ್ತುವ ಪುಟ್ಟ ಜಾಗಗಳನ್ನು) ಎಬ್ಬಿಸಿ ರೋಧ ಏರಿಸಿತ್ತು.

ಆಮೇಲೆ ಒಂದು ಕೋಬಾಲ್ಟ್ ಪದರವನ್ನು ಇರಿಡಿಯಂ-ಮ್ಯಾಂಗನೀಸ್‌ಗೆ ಅಂಟಿಸಿ, ಅದರ ಕಾಂತೀಯ ದಿಕ್ಕು ಸುಲಭವಾಗಿ ತಿರುಗದಂತೆ ಬಿಗಿದೆ. ಎರಡೂ ಪದರ ಡೊಮೇನ್ ಇಲ್ಲದೆ ಶಾಂತವಾಗಿರುವ ಕ್ಷೇತ್ರಗಳಲ್ಲಷ್ಟೇ ಹೋಲಿಸಿದೆ. ನಯೋಬಿಯಂ ಆಕ್ಸಿಜನ್ ಹೀರಿದರೂ ಟಿಸಿ ಇಳಿಯುವುದರಿಂದ, ಹೋಲಿಕೆಯ ಮಾದರಿಗಳನ್ನೆಲ್ಲ ನಿರ್ವಾತ ಮುರಿಯದೆ ಒಂದೇ ಓಟದಲ್ಲಿ ಸ್ಪಟರ್ ಮಾಡಿದೆ (ಅಯಾನುಗಳಿಂದ ಲೋಹ ಎಬ್ಬಿಸಿ ಪದರ ಕೂರಿಸುವ ವಿಧಾನ). ಉಳಿದ ವ್ಯತ್ಯಾಸ ಕೆಲವೇ ಮಿಲಿಕೆಲ್ವಿನ್, ದಿಕ್ಕು ಮಾತ್ರ ಈ ಸಲ ಸರಿಯಿತ್ತು. ಮಾದರಿ ತಣ್ಣಗಾಗಿಸುವ ಕ್ರಯೋಸ್ಟಾಟ್‌ಗೆ ಈಗಲೂ ಮೊದಲು ಇಳಿಯುವುದು ಒಂಟಿ ಪದರದ ಆ ಮಾದರಿಯೇ.