ಬಿರು ಬಿಸಿಲಲ್ಲಿ ಕಟ್ಟಡ ಕೆಲಸ: ಮೇಸ್ತ್ರಿಗಳೇ, ಮೊದಲು ಹೊತ್ತು ಬದಲಿಸಿ

ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಏಪ್ರಿಲ್, ಮೇ ಬಂತೆಂದರೆ ಅಲ್ಲಿನ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಫ್ಯಾನ್ ಕೆಳಗೆ ಕೂರುವವರಿಗೇ ಈ ಅನುಕೂಲ. ಸೆಂಟ್ರಿಂಗ್ ಮೇಲೆ ನಿಂತು ಸರಳು ಕಟ್ಟುವವರ ಹೊತ್ತು ಮಾತ್ರ ಮೇಸ್ತ್ರಿ ಕೈಯಲ್ಲಿದೆ. ಅದಕ್ಕೇ ಈ ಮಾತು ಮೊದಲು ಅವರಿಗೆ.

1. ಭಾರದ ಕೆಲಸ ಬೆಳಗಿನ ಹೊತ್ತಿಗೆ

ಪಾಯ ಅಗೆಯುವುದು, ಇಟ್ಟಿಗೆ ಹೊರುವುದು, ಸ್ಲ್ಯಾಬ್ ಹಾಕುವುದು ಇವೆಲ್ಲ ಬೆಳಿಗ್ಗೆ 6ಕ್ಕೆ ಶುರುವಾಗಿ 11ರೊಳಗೆ ಮುಗಿಯಲಿ. 12ರಿಂದ 4ರವರೆಗೆ ನೆರಳಿನ ಕೆಲಸ ಕೊಡಿ, ಇಲ್ಲವೇ ಬಿಡುವು ಕೊಟ್ಟು ಸಂಜೆ ಮತ್ತೆ ಕರೆಯಿರಿ. ಇದರಲ್ಲಿ ಮಾಲೀಕರಿಗೂ ಲಾಭವಿದೆ. ಸುಡು ಬಿಸಿಲಲ್ಲಿ ಹಾಕಿದ ಕಾಂಕ್ರೀಟ್‌ನ ನೀರು ಬೇಗ ಆರಿ ಮೇಲ್ಭಾಗ ಬಿರುಕು ಬಿಡುತ್ತದೆ. ಕೆಲಸಗಾರರ ಮೇಲಿನ ಕಾಳಜಿಗೆ ಒಪ್ಪದ ಮಾಲೀಕರು ಸ್ಲ್ಯಾಬ್ ಹೆಸರು ಹೇಳಿದರೆ ಒಪ್ಪಿಯಾರು!

ಇನ್ನೊಂದು ವಿಷಯ. ಹವಾಮಾನ ಇಲಾಖೆ ಹೇಳುವ 42 ಡಿಗ್ರಿ ನೆರಳಲ್ಲಿ ಅಳೆದದ್ದು. ತಾರಸಿ ಮೇಲೆ ನಿಂತವರಿಗೆ ತಟ್ಟುವ ಕಾವು ಅದಕ್ಕಿಂತ ಜಾಸ್ತಿ. ಮಂಗಳೂರು ಕಡೆಯವರು 'ನಮ್ಮಲ್ಲಿ 35 ಅಷ್ಟೇ' ಅಂತ ಸಮಾಧಾನ ಮಾಡಿಕೊಳ್ಳುವಂತಿಲ್ಲ. ಅಲ್ಲಿನ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

2. ಹೊಸಬರನ್ನು ಮೊದಲ ದಿನವೇ ಪೂರ್ತಿ ದುಡಿಸಬೇಡಿ

ಮೈ ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಲೆಕ್ಕ ಸುಲಭವಾಗಿದೆ: ಹೊಸಬರು ಮೊದಲ ದಿನ ಬಿಸಿಲಲ್ಲಿ ಮಾಮೂಲಿ ಅವಧಿಯ ಶೇ 20ರಷ್ಟು ಮಾತ್ರ ಇರಬೇಕು, ಆಮೇಲೆ ದಿನಕ್ಕೆ ಇನ್ನೊಂದು ಶೇ 20 ಸೇರಿಸುತ್ತಾ ಹೋಗಬೇಕು. ಊರಿಗೆ ಹೋಗಿ ಕೆಲವು ವಾರ ಇದ್ದು ಬಂದ ಹಳಬರಿಗೂ ನಿಧಾನವಾಗಿಯೇ ಶುರು ಮಾಡಿಸಿ. ತುಂಡು ಗುತ್ತಿಗೆಯಲ್ಲಿ ಇದು ಕಷ್ಟ, ಗೊತ್ತು. ಮಾಡಿದಷ್ಟೇ ಕಾಸು ಅಂದಾಗ ಯಾರು ತಾನೇ ನೆರಳಿಗೆ ಬರುತ್ತಾರೆ? ಕಡು ಬೇಸಿಗೆಯ ವಾರಗಳಲ್ಲಾದರೂ ದಿನಗೂಲಿ ಲೆಕ್ಕ ಹಿಡಿಯುವುದು ಒಳ್ಳೆಯದು.

3. ನೀರು: ಸ್ವಲ್ಪ ಸ್ವಲ್ಪ, ಆಗಾಗ

ಬಾಯಾರಲಿ ಅಂತ ಕಾಯಬೇಡಿ. 15-20 ನಿಮಿಷಕ್ಕೊಂದು ಲೋಟ ನೀರು ಕುಡಿಯಿರಿ. ಹಾಗಂತ ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬರೀ ನೀರು ವಿಪರೀತ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯವಾಗುತ್ತದೆ. ನಡುವೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಇರಲಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಚಮಚ ಗೋಪುರವಾಗಿ ತುಂಬಬಾರದು, ಮಟ್ಟವಾಗಿರಬೇಕು. ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಒಮ್ಮೆ ಕೇಳಿ. ಕೆಲವು ಮಾತ್ರೆಗಳು ಮೈಯ ನೀರನ್ನು ಇಳಿಸುತ್ತವೆ.

ಎಷ್ಟೋ ಕಡೆ ಹೆಣ್ಣುಮಕ್ಕಳು ಬೇಕೆಂದೇ ನೀರು ಕುಡಿಯುವುದಿಲ್ಲ. ಕಾರಣ ಇಷ್ಟೇ, ಶೌಚಾಲಯ ಇರುವುದಿಲ್ಲ. ನೀರಿನ ಕ್ಯಾನ್ ತರಿಸಿ 'ಕುಡೀರವ್ವ' ಅಂದರೆ ಸಾಲದು. ತಗಡಿನದ್ದಾದರೂ ಸರಿ, ಬಾಗಿಲು, ಚಿಲಕ, ನೀರು ಇರುವ ಒಂದು ಶೌಚಾಲಯ ಮೊದಲು ಆಗಲಿ.

4. ಬಟ್ಟೆ

ಸಡಿಲವಾದ, ತಿಳಿ ಬಣ್ಣದ, ತುಂಬುತೋಳಿನ ಹತ್ತಿ ಬಟ್ಟೆ. ತಲೆಗೆ ಒದ್ದೆ ಟವೆಲ್. ಮೇಲಿಂದ ಏನಾದರೂ ಬೀಳುವ ಜಾಗದಲ್ಲಿ ಅದರ ಮೇಲೆ ಹೆಲ್ಮೆಟ್ ಇರಲೇಬೇಕು.

5. ಒಬ್ಬರ ಮೇಲೊಬ್ಬರ ಕಣ್ಣಿರಲಿ

ಬಿಸಿಲು ಬಡಿದವರಿಗೆ ತಮಗೇನಾಗಿದೆ ಅಂತ ಗೊತ್ತಾಗುವುದೇ ಇಲ್ಲ. ಹಾಗಾಗಿ ಜೋಡಿಯಾಗಿ ಕೆಲಸ ಮಾಡಿ. ಸ್ನಾಯು ಹಿಡಿತ, ತಲೆಸುತ್ತು, ವಾಕರಿಕೆ ಬಂದರೆ ಕೆಲಸ ಬಿಡಿಸಿ ನೆರಳಲ್ಲಿ ಕೂರಿಸಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಏನೇನೋ ಹೇಳಿದರೆ, ತೂರಾಡಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. 'ಇನ್ನೂ ಬೆವರ್ತಾ ಇದ್ದಾನಲ್ಲ, ಏನಾಗಲ್ಲ ಬಿಡು' ಅನ್ನಬೇಡಿ. ದುಡಿಯುತ್ತಿದ್ದಾಗ ಬಿಸಿಲು ಬಡಿದವರ ಮೈ ಬೆವರುತ್ತಲೇ ಇರಬಹುದು.

ಆಂಬುಲೆನ್ಸ್ ಬರುವವರೆಗೆ ಸುಮ್ನೆ ನಿಲ್ಲಬೇಡಿ. ಮೈಯ ಕಾವು 40 ಡಿಗ್ರಿ ದಾಟಿದರೆ ಒಂದೊಂದು ನಿಮಿಷವೂ ಮುಖ್ಯ. ಕ್ಯೂರಿಂಗ್‌ಗೆಂದು, ಅಂದರೆ ಕಾಂಕ್ರೀಟ್‌ ಒದ್ದೆಯಾಗಿಡಲು, ತಂದ ಪೈಪು, ಡ್ರಮ್ಮಿನ ನೀರು ಅಲ್ಲೇ ಇರುತ್ತದಲ್ವಾ? ಬಿಸಿಲಲ್ಲಿ ಬಿದ್ದ ಪೈಪಿನಿಂದ ಮೊದಲು ಬರುವ ನೀರು ಕುದಿಯುವಂತಿರುತ್ತದೆ. ಅದನ್ನು ಪಕ್ಕಕ್ಕೆ ಬಿಟ್ಟು, ಕೈಗೆ ತಂಪು ಅನ್ನಿಸಿದ ಮೇಲೆ ನೆರಳಲ್ಲಿ ಮಲಗಿಸಿದವರ ಮೈತುಂಬ ಹರಿಸಿ. ಜೊತೆಗೆ ರಟ್ಟಿನಿಂದ ಜೋರಾಗಿ ಗಾಳಿ ಬೀಸಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆಸ್ಪತ್ರೆಯಿಂದ ಬಂದವರು ಮರುದಿನವೇ 'ಹುಷಾರಾಗಿದ್ದೀನಿ' ಅಂತ ಕರಣೆ ಹಿಡಿದು ನಿಂತರೆ ವಾಪಸ್ ಕಳಿಸಿ. ವೈದ್ಯರು ಆಗಬಹುದು ಅಂದ ಮೇಲೂ ಹೊಸಬರ ಲೆಕ್ಕದಲ್ಲೇ, ಶೇ 20ರಿಂದ ಶುರು ಮಾಡಿಸಿ.