ಕಂಡದ್ದು ಬೆನ್ನು ಮಾತ್ರ

ಮೊದಲು ನಾನು ಸೋತ ಕಥೆ ಹೇಳಿಬಿಡುತ್ತೇನೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಮೆಲ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠವೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಬ್ರದರ್ ಲಾರೆನ್ಸ್ ಬಗ್ಗೆ ಓದಿದ್ದೆ. ಪಾತ್ರೆಪಗಡಗಳ ಸದ್ದಿನ ನಡುವೆಯೂ ಅವರು ದೇವರ ಸಂಗಡ ಇರುತ್ತಿದ್ದರಂತೆ. ನನಗೂ ಅದೇ ಬೇಕೆನಿಸಿತು. ಫೋನಿನಲ್ಲಿ ಗಂಟೆಗೊಂದು ಅಲಾರಂ ಇಟ್ಟೆ. ಅದು ಬಡಿದುಕೊಂಡಾಗೆಲ್ಲ ‘ಪ್ರಭುವೇ, ನೀನು ಇಲ್ಲಿದ್ದೀ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು ಎಂದು ತೀರ್ಮಾನ. ಮೂರನೇ ದಿನ ಮೀಟಿಂಗಿನ ಮಧ್ಯೆ ಬಡಿದುಕೊಂಡಿತು. ಎಲ್ಲರೂ ನನ್ನತ್ತ ತಿರುಗಿದರು, ನಾನು ಫೋನಿಗೆ ಬೈದೆ. ವಾರ ಕಳೆಯುವಷ್ಟರಲ್ಲಿ ನನಗೇ ಗೊತ್ತಾಗದಂತೆ ಬೆರಳು ಅಲಾರಂ ಆರಿಸುತ್ತಿತ್ತು. ಮೊದಲ ಹತ್ತು ವರ್ಷ ತಮಗೆ ಬಹಳ ಕಷ್ಟವಾಯಿತೆಂದು ಲಾರೆನ್ಸ್ ಅವರೇ ಹೇಳಿಕೊಂಡಿದ್ದಾರೆ. ಆ ಭಾಗ ನಾನು ಓದಿದ್ದು ಆಮೇಲೆ.

ಮತ್ತೆ ಶುರುಮಾಡಲು ಧೈರ್ಯ ಕೊಟ್ಟದ್ದು ಬೈಬಲ್ಲಿನ ವಿಮೋಚನಕಾಂಡದ 33ನೇ ಅಧ್ಯಾಯ. ನಿನ್ನ ಮಹಿಮೆಯನ್ನು ತೋರಿಸು ಎಂದು ಮೋಶೆ ಬೇಡುತ್ತಾನೆ. ದೇವರು ಅವನನ್ನು ಬಂಡೆಯ ಸಂದಿನಲ್ಲಿ ನಿಲ್ಲಿಸಿ, ಕೈಯಿಂದ ಮುಚ್ಚಿ, ದಾಟಿಹೋಗುತ್ತಾನೆ. ಮೋಶೆಗೆ ಬೆನ್ನು ಕಾಣಬಹುದು, ಮುಖ ಕಾಣುವಂತಿಲ್ಲ. ಚಿಕ್ಕಂದಿನಿಂದ ಕೇಳಿದ ಕಥೆಯೇ. ಆದರೆ ಅದನ್ನು ಓದಿದ ಮಾರನೆಯ ದಿನ ಲೂಕನ ಸುವಾರ್ತೆಯ 24ನೇ ಅಧ್ಯಾಯ ಓದಿದಾಗ ಬೆಚ್ಚಿದೆ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು, ಸತ್ತು ಮತ್ತೆ ಎದ್ದುಬಂದ ಯೇಸುವಿನ ಜೊತೆಯಲ್ಲೇ ನಡೆದರೂ ಗುರುತು ಹಿಡಿಯುವುದಿಲ್ಲ. ರೊಟ್ಟಿ ಮುರಿದಾಗ ಕಣ್ಣು ತೆರೆಯುತ್ತದೆ, ಆ ಕ್ಷಣವೇ ಆತ ಅದೃಶ್ಯ. ದಾರಿಯುದ್ದಕ್ಕೂ ಎದೆ ಕುದಿಯುತ್ತಿತ್ತಲ್ಲಾ ಎಂದು ಅವರಿಗೆ ನೆನಪಾಗುವುದು ಆಮೇಲೆ. ಇಲ್ಲೂ ಬೆನ್ನೇ! ನಾನೋ, ಅಷ್ಟು ದಿನ ಮುಂದಕ್ಕೆ ಕಣ್ಣು ಕೀಲಿಸಿ ಕೂತಿದ್ದೆ.

ಹಿಂತಿರುಗಿ ನೋಡುವುದಕ್ಕೆ ಹಳೆಯದೊಂದು ಕ್ರಮವಿದೆ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ್ದು: ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ಆಮೇಲೆ ದಿನದ ಅವಲೋಕನ, ತಪ್ಪಿಗೆ ಕ್ಷಮೆ, ನಾಳೆಗೆ ಸಂಕಲ್ಪ. ನಾನು ಮಾಡುವುದು ಇಷ್ಟೇ. ದೀಪ ಆರಿಸಿ ಹಾಸಿಗೆಯ ಅಂಚಿನಲ್ಲಿ ಹತ್ತು ನಿಮಿಷ ಕೂರುತ್ತೇನೆ. ದಿನವನ್ನು ಬೆಳಗಿನಿಂದ ಬಿಚ್ಚುತ್ತಾ ಬರುತ್ತೇನೆ. ಸಂಜೆಯಿಂದ ಶುರುಮಾಡಿದರೆ ಸಂಜೆಯ ಸುಸ್ತು ಇಡೀ ದಿನಕ್ಕೆ ಮೆತ್ತಿಕೊಳ್ಳುತ್ತದೆ. ಏನೇನು ನಡೆಯಿತು ಎಂಬುದಕ್ಕಿಂತ ಎಲ್ಲಿ ಮನಸ್ಸು ಗಟ್ಟಿಯಾಯಿತು, ಎಲ್ಲಿ ಮೆತ್ತಗಾಯಿತು ಎಂದು ತಡವುತ್ತೇನೆ. ಕೊನೆಗೆ ಡೈರಿಯಲ್ಲಿ ಒಂದೆರಡು ಸಾಲು. ಹೆಚ್ಚು ಬರೆದರೆ ಚರ್ಚಿನ ಪ್ರಸಂಗ ಶುರುವಾಗಿಬಿಡುತ್ತದೆ.

ಅಪ್ಪ ತೀರಿಕೊಂಡ ಮೇಲೆ ಮನೆಯ ಪಾಲಿನ ವಿಷಯಕ್ಕೆ ನನಗೂ ಅಣ್ಣನಿಗೂ ಮಾತು ಬೆಳೆದಿತ್ತು. ಒಂದು ಮಧ್ಯಾಹ್ನ ಅವನಿಗೆ ಉದ್ದನೆಯ ಮೆಸೇಜ್ ಟೈಪ್ ಮಾಡಿದೆ. ಸಿಟ್ಟಿನಲ್ಲೂ ಕಾಗುಣಿತ ತಿದ್ದುತ್ತಿದ್ದೆ ನೋಡಿ, ಅಷ್ಟು ತಣ್ಣಗಿನ ಸಿಟ್ಟು. ಮೊದಲ ಪದ ‘ಅಣ್ಣಾ’ ಎಂದಿತ್ತು. ಇದಕ್ಕೆಲ್ಲ ಅಣ್ಣ ಬೇರೆ ಕೇಡು ಎಂದು ಅದನ್ನು ಅಳಿಸಿ ಬರೀ ಹೆಸರು ಹಾಕಿದೆ. ಹುಟ್ಟಿದಾಗಿನಿಂದ ಅವನನ್ನು ಹೆಸರು ಹಿಡಿದು ಕರೆದವನಲ್ಲ. ಪರದೆಯ ಮೇಲೆ ಆ ಹೆಸರು ಯಾರೋ ಪರಕೀಯನದೆಂಬಂತೆ ಕಂಡಿತು. ಮತ್ತೆ ‘ಅಣ್ಣಾ’ ಎಂದು ಟೈಪ್ ಮಾಡಿದೆ. ಅದರ ಕೆಳಗೆ ಉಳಿದ ಸಾಲುಗಳು ನಿಲ್ಲಲಿಲ್ಲ, ಒಂದೊಂದಾಗಿ ಅಳಿಸಿದೆ.

ಆ ಹೊತ್ತಿನಲ್ಲಿ ಬೆಳಕೂ ಇಲ್ಲ, ದನಿಯೂ ಇಲ್ಲ, ಬರೀ ಆಯಾಸ. ರಾತ್ರಿ ಕೂತಾಗ ಮನಸ್ಸು ಅಲ್ಲಿಗೇ ಹೋಗಿ ನಿಂತಿತು. ಆ ಎರಡಕ್ಷರವನ್ನು ಮತ್ತೆ ಬರೆಸಿದ್ದು ಯಾರು? ಗೆಳೆಯನೊಬ್ಬ ‘ಅಭ್ಯಾಸಬಲ’ ಎಂದ. ಇರಬಹುದು. ಪವಿತ್ರಾತ್ಮ ಅಭ್ಯಾಸದ ಮೂಲಕ ಕೆಲಸ ಮಾಡಬಾರದು ಎಂದೇನೂ ಇಲ್ಲವಲ್ಲ. ವಾದಿಸಲು ಹೋಗಲಿಲ್ಲ, ಸಾಬೀತು ಮಾಡಲು ನನ್ನಲ್ಲಿ ಏನೂ ಇಲ್ಲ, ನಂಬಿದ್ದೇನೆ ಅಷ್ಟೆ.

ಎಲ್ಲದರಲ್ಲೂ ಸೂಚನೆ ಹುಡುಕುವ ಚಟ ಮಾತ್ರ ನನಗೆ ಹಿಡಿಸದು. ಸಿಗ್ನಲ್ ಹಸಿರಾದರೆ ದೇವರ ಕೃಪೆ ಎನ್ನುವವರು, ಅದೇ ಹೊತ್ತಿಗೆ ಅಡ್ಡರಸ್ತೆಯಲ್ಲಿ ಕೆಂಪು ಕಂಡು ನಿಂತವನಿಗೆ ಏನು ಹೇಳುತ್ತಾರೋ.

ಆರು ವಾರ ಡೈರಿಯಲ್ಲಿ ‘ಏನೂ ಇಲ್ಲ’ ಎಂದೇ ಬರೆದದ್ದೂ ಉಂಟು. ಆಗ ಆಸರೆಯಾದದ್ದು ಬೈಬಲ್ಲಿನ 88ನೇ ಕೀರ್ತನೆ. ಅದು ಸಾಂತ್ವನದ ಸಾಲಿಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಮದರ್ ತೆರೇಸಾ ದಶಕಗಳ ಕಾಲ ಒಳಗೆ ಅದೇ ಶೂನ್ಯ ಅನುಭವಿಸಿದ್ದರೆಂದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಲೋಕಕ್ಕೆಲ್ಲ ತಿಳಿಯಿತು. ನನ್ನದು ಆರೇ ವಾರ.

ಮನೆಯ ಪಾಲು ಇನ್ನೂ ಇತ್ಯರ್ಥವಾಗಿಲ್ಲ. ನಿನ್ನೆ ರಾತ್ರಿ ಬರೆದದ್ದು: ‘ಅಣ್ಣ ಫೋನ್ ಮಾಡಿದ್ದ. ಅವನ ಮಂಡಿನೋವಿನ ಬಗ್ಗೆ ಇಪ್ಪತ್ತು ನಿಮಿಷ.’